ಸರಿಹೋಯ್ತು ಭಾವನ ಟ್ರೇಲರು

ನನ್ನ ಅಕ್ಕನ ಗಂಡನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಡ್ರೈವಿಂಗ್ ಲೈಸೆನ್ಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಅದು ಉಪಯೋಗಕ್ಕೆ ಬಂದದ್ದಿಲ್ಲ. ನಮ್ಮ ಬೀದಿಯಲ್ಲಿ ಅವರು ಸರಿಹೋಯ್ತು. ಮಕ್ಕಳಿಗೆ ಸರಿಹೋಯ್ತು ಮಾಮ, ಟೈಲ್ಸ್ ಅಂಗಡಿಯವರಿಗೆ ಸರಿಹೋಯ್ತು ಸಾರ್. ನಾನು ಎದುರಿಗೆ ಭಾವ ಅನ್ನುತ್ತೇನೆ. ಬೆನ್ನ ಹಿಂದೆ ಏನನ್ನುತ್ತೇನೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ವಸ್ತು ಕೆಟ್ಟರೂ ಭಾವ ಅದನ್ನು ರಿಪೇರಿ ಮಾಡುವುದಿಲ್ಲ. ಒಂದು ಏಟು ಕೊಡುತ್ತಾರೆ, ಇಲ್ಲವೇ ಬಾಯಿಂದ ಊದುತ್ತಾರೆ, ಇಲ್ಲವೇ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಅದು ನಡೆಯಲು ಶುರು ಮಾಡಿದರೆ ಎರಡೂ ಕೈ ಕೊಡವಿ ‘ಸರಿಹೋಯ್ತು’ ಅನ್ನುತ್ತಾರೆ. ಯಾಕೆ ಕೆಟ್ಟಿತ್ತು, ಯಾಕೆ ಸರಿಹೋಯಿತು ಎಂಬ ಪ್ರಶ್ನೆ ಆ ತಲೆಯೊಳಗೆ ಹುಟ್ಟಿದ್ದೇ ಇಲ್ಲ. ಹುಟ್ಟುವುದಕ್ಕೆ ಅಲ್ಲಿ ಜಾಗವಿದೆಯೇ ಎಂಬುದೂ ನನಗೆ ಅನುಮಾನ.

ಮೊದಲ ಸಲ ನಮ್ಮ ಮನೆಗೆ ಬಂದಾಗ ನಡುಮನೆಯ ಫ್ಯಾನು ತಿರುಗುತ್ತಿರಲಿಲ್ಲ. ಇವರು ಎದ್ದು, ಮೂಲೆಯಲ್ಲಿದ್ದ ಕಸಪೊರಕೆಯ ಹಿಡಿಯಿಂದ ಅದರ ರೆಕ್ಕೆಗೆ ತಟ್ಟಿದರು. ತಿರುಗಿತು. ನಮ್ಮಪ್ಪ ಮರುಳಾಗಿ ಹೋದ. ‘ಹುಡುಗನಿಗೆ ಕೈಗುಣ ಇದೆ’ ಎಂದು ಅಮ್ಮನ ಕಿವಿಯಲ್ಲಿ ಹೇಳಿದ. ಹುಡುಗ ಬಾಗಿಲು ದಾಟಿ ಬೀದಿಯ ತಿರುವಿನ ತನಕ ಹೋಗುವಷ್ಟರಲ್ಲಿ ಫ್ಯಾನು ನಿಂತಿತು. ಆಮೇಲೆ ಅದು ಯಾವತ್ತೂ ತಿರುಗಲಿಲ್ಲ. ಅಷ್ಟರಲ್ಲಿ ಅಪ್ಪ ಅಕ್ಕನನ್ನು ಕೊಡುವುದಾಗಿ ಮಾತು ಕೊಟ್ಟಾಗಿತ್ತು.

ಪಿಕಪ್ ಮತ್ತು ಟ್ರೇಲರ್ ಕೊಳ್ಳುವ ಮೊದಲು ಭಾವ ಐದು ಅಂತಸ್ತಿನ ಕಟ್ಟಡವೊಂದರಲ್ಲಿ ಹನ್ನೊಂದು ವರ್ಷ ಲಿಫ್ಟ್ ನಡೆಸುತ್ತಿದ್ದರು. ಲಿಫ್ಟು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಆಗಾಗ ನಿಲ್ಲುತ್ತಿತ್ತು. ಭಾವ ಬಲಗಾಲಿನ ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದು ಕೊಡುವರು, ಲಿಫ್ಟು ಹೊರಡುವುದು, ಸರಿಹೋಯ್ತು. ಮೇಲಿನವರಿಗೆ ಒಂದು ಮಾತು ತಿಳಿಸಬೇಕು ಎಂದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅನ್ನಿಸಲಿಲ್ಲ. ಕೊನೆಗೊಂದು ದಿನ ಕಟ್ಟಡದ ಮಾಲೀಕನೇ ಒಳಗಿದ್ದಾಗ ಲಿಫ್ಟು ನಿಂತಿತು. ಭಾವ ಗುದ್ದಿದರು, ಮತ್ತೆ ಗುದ್ದಿದರು, ಒಂದೂವರೆ ಗಂಟೆ ಗುದ್ದಿದರು. ಮಾಲೀಕ ಹೊರಗೆ ಬಂದು ಮೊದಲು ಮಾಡಿದ ಕೆಲಸ ಇವರನ್ನು ಮನೆಗೆ ಕಳಿಸಿದ್ದು. ಲಿಫ್ಟಿನ ಕೆಲಸ ಹೋದರೆ ಹೋಗಲಿ, ಆ ಹಿಮ್ಮಡಿಯ ಬುದ್ಧಿಯನ್ನಾದರೂ ಅಲ್ಲೇ ಬಿಟ್ಟು ಬರಬಾರದಿತ್ತೇ? ಅದನ್ನು ಹೊತ್ತುಕೊಂಡೇ ರಸ್ತೆಗೆ ಇಳಿದರು.

ಈಗ ಅವರ ಕೆಲಸ ಟೈಲ್ಸ್ ಸಾಗಿಸುವುದು. ಮೇಲಿನ ಪೇಟೆಯ ಗೋದಾಮಿನಿಂದ ಇಳಿಜಾರಿನ ಕೆಳಗಿರುವ ಪೇಟೆಗೆ ವಾರಕ್ಕೊಮ್ಮೆ, ಗುರುವಾರ. ಮುಂದೆ ಪಿಕಪ್, ಹಿಂದೆ ಎರಡು ಟನ್ ಟೈಲ್ಸ್ ಹೊತ್ತ ಟ್ರೇಲರು. ಪಕ್ಕದ ಸೀಟಿನಲ್ಲಿ ನನ್ನ ಅಕ್ಕ. ಅವಳಿಗೆ ಅಲ್ಲಿ ಕೆಲಸವೇನೂ ಇಲ್ಲ. ‘ಇವರೊಬ್ರೇ ಹೋದ್ರೆ ವಾಪಸ್ ಬರೋ ತನಕ ನನಗೆ ಕೈಕಾಲು ಆಡಲ್ಲ ಕಣೋ, ಅದಕ್ಕಿಂತ ಜೊತೆಗೆ ಹೋಗೋದೇ ವಾಸಿ’ ಅನ್ನುತ್ತಾಳೆ. ಹೀಗೆ ಪ್ರತಿ ಗುರುವಾರ ನನ್ನ ಒಬ್ಬಳೇ ಅಕ್ಕನ ಜೀವ ಆ ಟ್ರೇಲರಿನ ಬ್ರೇಕಿನ ಮೇಲೆ ನಿಂತಿರುತ್ತದೆ.

ಆ ಬ್ರೇಕು ಕೈಕೊಡಲು ಶುರು ಮಾಡಿತು. ಪೂರ್ತಿ ಕೈಕೊಟ್ಟರೆ ಯಾರೂ ಸಾಯುವುದಿಲ್ಲ. ಬ್ರೇಕಿಲ್ಲ ಎಂದು ಗೊತ್ತಿದ್ದರೆ ಎಂಥ ದಡ್ಡನೂ ಗಾಡಿ ಹೊರಡಿಸುವುದಿಲ್ಲ. ಇದು ಬಂದು ಹೋಗುವ ರೋಗ. ಒಂದು ಗುರುವಾರ ಇಳಿಜಾರಿನಲ್ಲಿ ಭಾವ ಬ್ರೇಕು ತುಳಿದಾಗ ಪಿಕಪ್ ನಿಂತಿತು, ಟ್ರೇಲರು ನಿಲ್ಲದೆ ಹಿಂದಿನಿಂದ ದಬ್ಬಿತು. ಭಾವ ಹೇಗೋ ಪಕ್ಕಕ್ಕೆ ನಿಲ್ಲಿಸಿ ಇಳಿದರು. ಪಿಕಪ್ಪಿನಿಂದ ಟ್ರೇಲರಿಗೆ ಕರೆಂಟು ಹೋಗುವ ಕೇಬಲ್ಲಿನ ಪ್ಲಗ್ಗನ್ನು ಕಿತ್ತರು, ಅದರೊಳಗೆ ಊದಿದರು, ಮತ್ತೆ ಸಿಕ್ಕಿಸಿದರು. ಬ್ರೇಕು ಹಿಡಿಯಿತು. ಸರಿಹೋಯ್ತು. ಮುಂದಿನ ವಾರ ಮತ್ತೆ ಅದೇ. ಎರಡು ತಿಂಗಳಲ್ಲಿ ಒಂಬತ್ತು ಸಲ ಹೀಗಾಯಿತಂತೆ. ಒಂಬತ್ತು ಸಲವೂ ಊದಿ ಮನೆಗೆ ಬಂದಿದ್ದಾರೆ. ಒಂದು ಸಲವೂ ನನಗೆ ಒಂದು ಮಾತು ಹೇಳಿಲ್ಲ.

ನನ್ನ ಕೆಲಸ ಏನು ಎಂದು ಇನ್ನೂ ಹೇಳಲಿಲ್ಲ ಅಲ್ಲವೇ? ಲಾರಿ, ಟ್ರೇಲರುಗಳ ವೈರಿಂಗ್ ಕೆಲಸ. ಮೂವತ್ತೊಂದು ವರ್ಷದಿಂದ ಅದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಒಬ್ಬ ಮುದುಕನ ಕೈಕೆಳಗೆ ಸೇರಿದೆ. ಭಾವನ ಮನೆಯಿಂದ ನನ್ನ ಶೆಡ್ಡಿಗೆ ಎಣಿಸಿದರೆ ನೂರ ನಲವತ್ತು ಹೆಜ್ಜೆ. ನೂರ ನಲವತ್ತು ಹೆಜ್ಜೆ ನಡೆಯುವ ಬದಲು ಈ ಮಹಾನುಭಾವ ಎಲ್ಲಿಗೆ ಹೋದರು? ನನ್ನ ಎದುರುಗಡೆಯ ಅಂಗಡಿಗೆ. ‘ನಿನ್ನ ಹತ್ರ ಬಂದ್ರೆ ಬಯ್ತೀಯ, ಅವನು ಕೂರಿಸಿ ಟೀ ಕೊಡ್ತಾನೆ’ ಎಂದು ಆಮೇಲೆ ಕಾರಣ ಹೇಳಿದರು.

ಎದುರುಗಡೆಯವನನ್ನು ನಾವೆಲ್ಲ ಬದಲಿ ಅನ್ನುತ್ತೇವೆ. ಅವನ ಅಂಗಡಿ ಆಸ್ಪತ್ರೆಯ ಹಾಗೆ ಫಳಫಳ ಹೊಳೆಯುತ್ತದೆ. ಗೋಡೆ ತುಂಬ ಬಣ್ಣಬಣ್ಣದ ಡಬ್ಬಿಗಳು. ಗಾಡಿಯಲ್ಲಿ ಏನಾಗಿದೆ ಎಂದು ನೋಡುವ ಅಭ್ಯಾಸ ಅವನಿಗಿಲ್ಲ, ಡಬ್ಬಿ ಬಿಚ್ಚುವ ಅಭ್ಯಾಸ ಇದೆ. ಭಾವ ಮೊದಲ ಸಲ ಹೋದಾಗ ಡ್ಯಾಶ್‌ಬೋರ್ಡಿನ ಕೆಳಗಿರುವ ಬ್ರೇಕಿನ ಕಂಟ್ರೋಲ್ ಪೆಟ್ಟಿಗೆ ಬದಲಿಸಿದ. ಎರಡನೇ ಸಲ ಚಕ್ರಗಳೊಳಗೆ ಕರೆಂಟಿನಿಂದ ಬ್ರೇಕು ಹಿಡಿಸುವ ನಾಲ್ಕೂ ಮ್ಯಾಗ್ನೆಟ್ಟು ಬದಲಿಸಿದ. ಮೂರನೇ ಸಲ ಟ್ರೇಲರಿನ ಬ್ಯಾಟರಿ ಬದಲಿಸಿದ. ನಾಲ್ಕನೇ ಸಲ ಹೋದಾಗ, ಬದಲಿಸಲು ಇನ್ನೇನೂ ಉಳಿದಿರಲಿಲ್ಲವೋ ಏನೋ, ‘ನೀವು ಬ್ರೇಕು ತುಳಿಯೋ ರೀತಿ ಸರಿ ಇಲ್ಲ ಸಾರ್’ ಅಂದನಂತೆ. ಈ ನಮ್ಮ ಭಾವ ಅದನ್ನೂ ನಂಬಿದರು! ಒಂದು ವಾರ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಗಾಡಿ ಓಡಿಸಿದರು.

ಒಂಬತ್ತನೇ ಸಲದ ಮಾರನೇ ಬೆಳಿಗ್ಗೆ ಅಕ್ಕ ನನ್ನ ಶೆಡ್ಡಿಗೆ ಬಂದಳು. ಬಂದವಳು ಕೂರಲಿಲ್ಲ.

‘ಲೋ, ನಾನು ಮುಂದಿನ ವಾರ ಸತ್ರೆ ನೀನೇ ನೋಡ್ಕೋ’ ಅಂದಳು.

‘ಏನಾಯ್ತಕ್ಕ?’

‘ಏನಾಗ್ಬೇಕು? ನಿನ್ನೆ ಟ್ರೇಲರು ನಮ್ಮನ್ನ ತಳ್ಕೊಂಡು ಹೋಗಿ ತಡೆಗೋಡೆಗೆ ಒಂದು ಗೇಣು ದೂರ ನಿಲ್ತು. ಕಿಟಕಿಯಿಂದ ನೋಡಿದ್ರೆ ಕೆಳಗೆ ರಸ್ತೆ ಇಲ್ಲ, ಮರದ ತುದಿ ಕಾಣ್ತಿತ್ತು. ನಿಮ್ಮ ಭಾವ ಇಳಿದು ಊದಿ ಬಂದು ಸರಿಹೋಯ್ತು ಹತ್ತು ಅಂತಾರೆ.’

ನನಗೆ ಮೈಯೆಲ್ಲ ಉರಿದು ಹೋಯಿತು. ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ಹಾಗೇ ಹಿಡಿದುಕೊಂಡು ನೂರ ನಲವತ್ತು ಹೆಜ್ಜೆ ನಡೆದು ಹೋದೆ. ಭಾವ ಬನಿಯನ್ನಿನಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತು ಟ್ರಾನ್ಸಿಸ್ಟರಿನ ಬೆನ್ನಿಗೆ ತಟ್ಟುತ್ತಿದ್ದರು.

‘ಗಾಡಿ ತನ್ನಿ’ ಅಂದೆ.

‘ಯಾಕಯ್ಯಾ, ಅದು ಸರಿಹೋಗಿದೆಯಲ್ಲ.’

ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ನಾನು ಈ ಮನುಷ್ಯನನ್ನು ಮರ್ಯಾದೆ ಕೊಟ್ಟೇ ಬಯ್ಯಬೇಕು. ಅದು ಎಷ್ಟು ಕಷ್ಟ ಎಂಬುದು ಬಯ್ದವರಿಗೇ ಗೊತ್ತು. ‘ಭಾವ, ತಾವು ದಯವಿಟ್ಟು ಬಾಯಿ ಮುಚ್ಕೊಂಡು ಗಾಡಿ ತರ್ತೀರಾ?’ ಅಂದೆ.

ತಂದರು. ಪ್ಲಗ್ಗನ್ನು ಬಿಚ್ಚಿ ನೋಡಿದೆ, ಏಳೂ ಪಿನ್ನು ಶುಭ್ರವಾಗಿ ಹೊಳೆಯುತ್ತಿದ್ದವು. ಅಷ್ಟು ಸಲ ಉಗುಳು ಬೆರೆಸಿ ಊದಿದರೆ ಹೊಳೆಯದೆ ಇನ್ನೇನು? ಟ್ರೇಲರಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಕೈಯಿಂದ ತಿರುಗಿಸಿ, ಭಾವನಿಗೆ ಬ್ರೇಕು ತುಳಿಯಲು ಹೇಳಿದೆ. ಚಕ್ರ ಕಚ್ಚಿಕೊಂಡು ನಿಂತಿತು. ಮೀಟರ್ ಹಿಡಿದರೆ ಕರೆಂಟು ಸರಿಯಾಗಿತ್ತು. ದೀಪಗಳು ಸರಿ. ಎರಡು ಗಂಟೆ ಕೆಳಗೆ ಮಲಗಿ ಒದ್ದಾಡಿದೆ. ಎಲ್ಲವೂ ಸರಿ.

‘ನಾನು ಹೇಳ್ಲಿಲ್ವಾ’ ಎಂದರು ಭಾವ ಮೇಲಿನಿಂದ.

ನನಗೆ ಕೆಲಸ ಕಲಿಸಿದ ಮುದುಕ ಒಂದು ಮಾತನ್ನು ನನ್ನ ತಲೆಗೆ ಮೊಟಕಿ ಮೊಟಕಿ ಕೂರಿಸಿದ್ದ. ಬಂದು ಹೋಗುವ ದೋಷ ಬಂದಾಗ ಅದನ್ನು ಮುಟ್ಟಬೇಡ. ಗಾಡಿ ಹೇಗೆ ನಿಂತಿದೆಯೋ ಹಾಗೇ ಇರಲಿ. ಮೊದಲು ನೋಡು, ಆಮೇಲೆ ಅಳೆ, ಕೊನೆಗೆ ಮುಟ್ಟು. ಮುಟ್ಟಿದ ಕೂಡಲೇ ಅದು ಬಚ್ಚಿಟ್ಟುಕೊಳ್ಳುತ್ತದೆ. ಭಾವ ಒಂಬತ್ತು ಸಲ ಮಾಡಿದ್ದು ಅದನ್ನೇ. ಕಳ್ಳ ಮನೆಯೊಳಗೆ ಇರುವಾಗ ಚಪ್ಪಾಳೆ ತಟ್ಟಿ ಓಡಿಸಿ, ಆಮೇಲೆ ಖಾಲಿ ಮನೆಗೆ ನನ್ನನ್ನು ಕರೆದು ಕಳ್ಳನನ್ನು ತೋರಿಸು ಅಂದರೆ?

‘ಎಡಕ್ಕೆ ತಿರುಗುವಾಗ್ಲೇ ಆಗೋದು ಕಣೋ’ ಎಂದಳು ಅಕ್ಕ. ಅವಳು ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು. ‘ಇನ್ನೊಂದು. ಹಾಗಾಗೋ ಹೊತ್ತಿಗೆ ಎಡಗಡೆ ಇಂಡಿಕೇಟರ್ ಹಾಕಿದ್ರೆ ಹಿಂದಿನ ದೀಪ ಎಲ್ಲ ಸೇರಿ ಮಿಟುಕ್ತಾವೆ. ಕನ್ನಡಿಯಲ್ಲಿ ನೋಡಿದೀನಿ.’

‘ನೀನು ಸುಮ್ನಿರಕ್ಕ, ಇದು ವೈರಿಂಗ್ ವಿಷಯ’ ಅಂದೆ.

ಬರೆಯುವಾಗ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ಆ ಕ್ಷಣ ನಾನು ಕಿವಿ ಕೊಟ್ಟಿದ್ದರೆ ಟ್ರೇಲರಿನ ಕೆಳಗೆ ಇನ್ನೊಂದು ಗಂಟೆ ಬೆನ್ನು ಸವೆಸುವುದು ತಪ್ಪುತ್ತಿತ್ತು. ಒಂದು ಗಂಟೆಯಾದ ಮೇಲೆ ಹೊರಗೆ ಬಂದು, ‘ಏನೋ ಹೇಳ್ತಿದ್ಯಲ್ಲ, ಇನ್ನೊಂದ್ಸಲ ಹೇಳು’ ಅಂದೆ. ಅವಳು ‘ಇದು ವೈರಿಂಗ್ ವಿಷಯ, ನನಗೇನು ಗೊತ್ತಾಗುತ್ತೆ?’ ಎಂದು ಮುಖ ತಿರುಗಿಸಿ, ಆಮೇಲೆ ಹೇಳಿದಳು.

ಎಲ್ಲ ದೀಪವೂ ಸೇರಿ ಮಿಟುಕುತ್ತದೆ ಅಂದರೆ ಅರ್ಥ ಒಂದೇ. ಕರೆಂಟು ಟ್ರೇಲರಿಗೆ ಹೋದರೆ ಸಾಲದು, ಪಿಕಪ್ಪಿಗೆ ವಾಪಸು ಬರಬೇಕು. ವಾಪಸು ಬರುವ ದಾರಿ ಪ್ಲಗ್ಗಿನ ಬಿಳಿ ತಂತಿ. ನಾವು ಅದನ್ನು ಅರ್ತಿಂಗ್ ಅನ್ನುತ್ತೇವೆ. ಆ ದಾರಿ ಮುಚ್ಚಿದರೆ ಕರೆಂಟು ಸಿಕ್ಕ ಸಿಕ್ಕ ದೀಪದೊಳಗೆ ನುಗ್ಗಿ ಹೊರಗೆ ಬರಲು ನೋಡುತ್ತದೆ. ಬ್ರೇಕಿನ ಮ್ಯಾಗ್ನೆಟ್ಟಿಗೆ ಶಕ್ತಿಯೇ ಸಿಗುವುದಿಲ್ಲ. ಆದರೆ ಅನುಮಾನ ಬೇರೆ, ಕಣ್ಣಾರೆ ಕಾಣುವುದು ಬೇರೆ. ಅನುಮಾನದ ಮೇಲೆ ಕೆಲಸ ಮಾಡಲು ನಾನೇನು ಎದುರುಗಡೆಯ ಬದಲಿಯೇ?

ಎರಡು ಹಳೆಯ ಇಂಡಿಕೇಟರ್ ಬಲ್ಬು ತೆಗೆದುಕೊಂಡೆ. ಟ್ರೇಲರಿನ ಬ್ರೇಕಿನ ತಂತಿಯಿಂದ ಎರಡಕ್ಕೂ ಕರೆಂಟು ಕೊಟ್ಟೆ. ಒಂದರ ಇನ್ನೊಂದು ಕೊನೆಯನ್ನು ಪಿಕಪ್ಪಿನ ಕಬ್ಬಿಣಕ್ಕೆ ಕಟ್ಟಿದೆ, ಮತ್ತೊಂದರದನ್ನು ಟ್ರೇಲರಿನ ಕಬ್ಬಿಣಕ್ಕೆ. ಬ್ರೇಕು ತುಳಿದಾಗ ಎರಡೂ ಉರಿಯಬೇಕು. ಎರಡೂ ಆರಿದರೆ ಹೋಗುವ ದಾರಿ ಕೆಟ್ಟಿದೆ. ಟ್ರೇಲರಿನದು ಮಾತ್ರ ಆರಿದರೆ ವಾಪಸು ಬರುವ ದಾರಿ ಕೆಟ್ಟಿದೆ. ಇಷ್ಟೇ. ಇದಕ್ಕೆ ಫಳಫಳ ಹೊಳೆಯುವ ಅಂಗಡಿ ಬೇಡ. ತಂತಿಗಳನ್ನು ಉದ್ದ ಬಿಟ್ಟು ಕಿಟಕಿಯಿಂದ ಒಳಗೆ ತಂದೆ.

ಪರೀಕ್ಷೆಗೆ ನೀರಿನ ಟ್ಯಾಂಕಿನ ಹಿಂದಿನ ಇಳಿಜಾರು ಆರಿಸಿದೆ. ಅಲ್ಲಿ ಒಂದು ಎಡ ತಿರುವಿದೆ, ಕೆಳಗೆ ಖಾಲಿ ಮೈದಾನವಿದೆ, ಮಧ್ಯಾಹ್ನ ಯಾರೂ ಓಡಾಡುವುದಿಲ್ಲ. ಲೋಡು ಅರ್ಧ ಇರಲಿ, ಮೊದಲ ಗೇರು ಬಿಟ್ಟು ಮೇಲೆ ಹೋಗಬಾರದು ಎಂದೆ. ಅಕ್ಕನಿಗೆ ಮನೆಗೆ ಹೋಗು ಅಂದೆ. ಅವಳು ಆಗಲೇ ನಡುವಿನ ಸೀಟಿನಲ್ಲಿ ಕೂತು ಸೆರಗು ಸಿಕ್ಕಿಸಿಕೊಂಡಾಗಿತ್ತು.

‘ನೀವಿಬ್ರೇ ಹೋದ್ರೆ ಒಬ್ಬರನ್ನೊಬ್ಬರು ಸಾಯಿಸೋಕೆ ಬ್ರೇಕು ಕೈಕೊಡೋದೇ ಬೇಡ’ ಅಂದಳು. ‘ಕೊಡಿಲ್ಲಿ ಆ ಬಲ್ಬು.’

ಹೀಗೆ ಹೊರಟೆವು. ಭಾವ ಸ್ಟಿಯರಿಂಗ್ ಮುಂದೆ, ನಾನು ಕಿಟಕಿ ಪಕ್ಕ, ನಡುವೆ ಅಕ್ಕ. ಅವಳ ಬಲಗೈಯಲ್ಲಿ ಪಿಕಪ್ಪಿನ ಬಲ್ಬು, ಎಡಗೈಯಲ್ಲಿ ಟ್ರೇಲರಿನ ಬಲ್ಬು. ಭಾವ ಒಂದೊಂದು ಸಲ ಬ್ರೇಕು ಒತ್ತಿದಾಗಲೂ ಎರಡೂ ಹತ್ತಿಕೊಳ್ಳುತ್ತಿದ್ದವು.

‘ಎರಡೂ ಉರೀತಿದೆ’ ಅನ್ನುವಳು ಅಕ್ಕ.

‘ಉರಿಯದೆ ಏನು? ನಿನ್ನೇನೇ ಸರಿಹೋಗಿದೆ’ ಅನ್ನುವರು ಭಾವ.

‘ನೀವು ರಸ್ತೆ ನೋಡ್ರೀ.’

ಇಳಿಜಾರು ಶುರುವಾಯಿತು. ಎಡ ತಿರುವು ಬಂತು. ಭಾವ ಸ್ಟಿಯರಿಂಗ್ ತಿರುಗಿಸುತ್ತಾ ಬ್ರೇಕು ಒತ್ತಿದರು. ಬೆನ್ನಿಗೆ ಯಾರೋ ಹೆಗಲು ಕೊಟ್ಟು ತಳ್ಳಿದ ಹಾಗಾಯಿತು. ಪಿಕಪ್ಪಿನ ಹಿಂಭಾಗ ಅರ್ಧ ಅಡಿ ಪಕ್ಕಕ್ಕೆ ಜಾರಿತು. ಅರ್ಧ ಲೋಡಿಗೆ, ಆಮೆ ನಡಿಗೆಗೆ ಹೀಗಾದರೆ ಗುರುವಾರ ಆ ತಡೆಗೋಡೆಯ ಹತ್ತಿರ ಹೇಗಿತ್ತು ಎಂದು ನನಗೆ ಆಗ ಅರ್ಥವಾಯಿತು.

‘ಎಡಗೈದು ಆರಿತು!’ ಎಂದಳು ಅಕ್ಕ. ದನಿ ಒಂದಿಷ್ಟೂ ನಡುಗಲಿಲ್ಲ. ‘ಬಲಗೈದು ಉರೀತಿದೆ. ಎಡಗೈದು ಆರಿದೆ.’

‘ಹಾಗೇ ನಿಲ್ಲಿಸಿ! ಸ್ಟಿಯರಿಂಗ್ ನೇರ ಮಾಡ್ಬೇಡಿ! ಹ್ಯಾಂಡ್ ಬ್ರೇಕ್!’ ಎಂದು ಕೂಗಿದೆ.

ನಿಂತಿತು. ನಾನು ಹಾರಿ ಇಳಿದು ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟೆ. ತಿರುಗಿ ನೋಡಿದರೆ ಭಾವ ಆ ಕಡೆಯಿಂದ ಇಳಿದು, ಗಾಡಿ ಸುತ್ತಿ ಬಂದು, ಪ್ಲಗ್ಗಿನ ಕಡೆ ಕೈ ಚಾಚಿದ್ದಾರೆ. ತುಟಿ ಆಗಲೇ ಊದುವುದಕ್ಕೆ ಮುಂದೆ ಬಂದಿದೆ! ಮೂವತ್ತೊಂದು ವರ್ಷದ ಕೆಲಸ, ಎರಡು ತಿಂಗಳ ರೋಗ, ಎಲ್ಲವನ್ನೂ ಒಂದು ಉಸಿರಿನಲ್ಲಿ ಹಾರಿಸಲು ಹೊರಟ ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವರ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದೆ. ಒಂದು ಗುಂಡಿ ಕಿತ್ತು ರಸ್ತೆಯಲ್ಲಿ ಉರುಳಿತು.

‘ಅದನ್ನ ಮುಟ್ಟಿದ್ರೆ ಭಾವ ಅಂತ ನೋಡಲ್ಲ’ ಅಂದೆ. ‘ಹೋಗಿ ಬ್ರೇಕು ತುಳ್ಕೊಂಡು ಕೂತ್ಕೊಳಿ. ನಾನು ಬಿಡಿ ಅನ್ನೋ ತನಕ ಬಿಡಬಾರದು.’

ಕೂತರು. ನಾನು ಮಂಡಿಯೂರಿ ನೋಡಿದೆ. ಕೇಬಲ್ಲು ನೆಲಕ್ಕೆ ತಾಗಿ ಸವೆಯುತ್ತದೆ ಎಂದು ಈ ಜಾಣರು ಯಾವತ್ತೋ ಅದಕ್ಕೊಂದು ಗಂಟು ಹಾಕಿ ಗಿಡ್ಡ ಮಾಡಿದ್ದಾರೆ. ಸಾಕೆಟ್ಟು ಇರುವುದು ಟ್ರೇಲರು ಸಿಕ್ಕಿಸುವ ಕೊಂಡಿಯ ಬಲಗಡೆ. ಎಡಕ್ಕೆ ತಿರುಗಿದಾಗ ಕೇಬಲ್ಲು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಪ್ಲಗ್ಗಿನ ಕುತ್ತಿಗೆಯ ಹತ್ತಿರ ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದೆ.

‘ಉರೀತು!’ ಎಂದಳು ಅಕ್ಕ ಒಳಗಿನಿಂದ.

ಬೆರಳು ತೆಗೆದೆ.

‘ಆರಿತು!’

ಒತ್ತಿದೆ. ‘ಉರೀತು.’ ಬಿಟ್ಟೆ. ‘ಆರಿತು. ಲೋ, ಆಟ ಆಡ್ತಿದ್ಯೇನೋ ಅಲ್ಲಿ?’

ಗಾಡಿ ನೇರ ಮಾಡಿಸಿ, ಮೈದಾನಕ್ಕೆ ಇಳಿಸಿ, ಕೇಬಲ್ಲು ಬಿಚ್ಚಿ ಚಾಕುವಿನಿಂದ ಸೀಳಿದೆ. ಬಿಳಿ ತಂತಿ ಹೊರಗಿನಿಂದ ಹೊಸದರ ಹಾಗಿತ್ತು. ಒಳಗೆ ತಾಮ್ರದ ಎಳೆಗಳೆಲ್ಲ ಹರಿದು ಕಪ್ಪಾಗಿದ್ದವು. ಎಣಿಸಿದರೆ ತುದಿಗೆ ತುದಿ ತಾಗುವಂತೆ ಮೂರು ಎಳೆ ಮಾತ್ರ ಉಳಿದಿದ್ದವು. ಹರಿದ ತುದಿಗಳು ಸುಮ್ಮನಿದ್ದಾಗ ಒಂದಕ್ಕೊಂದು ತಾಗಿ ಕೂತಿರುತ್ತವೆ, ಕೇಬಲ್ಲು ಬಿಗಿದಾಗ ದೂರವಾಗುತ್ತವೆ. ಪ್ಲಗ್ಗು ಕಿತ್ತು ಸಿಕ್ಕಿಸಿದರೆ ಮತ್ತೆ ತಾಗುತ್ತವೆ. ಊದಿದ್ದಕ್ಕಲ್ಲ, ಅಲುಗಾಡಿಸಿದ್ದಕ್ಕೆ.

‘ಯಾಕೆ ಹರಿದಿದೆ ಗೊತ್ತಾ ಇದು?’ ಎಂದು ಭಾವನ ಮೂಗಿನ ಕೆಳಗೆ ಹಿಡಿದೆ.

‘ಹಳೇದಲ್ವಾ.’

‘ಪ್ಲಗ್ಗು ಹೇಗೆ ಕೀಳ್ತೀರಿ, ಮಾಡಿ ತೋರಿಸಿ.’

ಮಾಡಿ ತೋರಿಸಿದರು. ಪ್ಲಗ್ಗಿನ ತಲೆಗೆ ಕೈಯೇ ಹಾಕಲಿಲ್ಲ. ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಕೇಬಲ್ಲು ಹಿಡಿದು ಜಗ್ಗಿದರು. ಅವರಿಗೂ ಆಗ ಏನೋ ಹೊಳೆದಿರಬೇಕು, ಕೈ ಅಲ್ಲೇ ನಿಂತಿತು. ಪ್ರತಿ ಸಲ ಸರಿ ಮಾಡಲು ಹೋಗಿ ಒಂದೊಂದೇ ಎಳೆ ಹರಿದು ಹಾಕಿದವರು ಇವರೇ. ಬದಲಿ ಮಹಾಶಯ ಅಂಗಡಿಯ ಅರ್ಧ ಡಬ್ಬಿ ಖಾಲಿ ಮಾಡಿದ, ಒಂದು ಗೇಣು ಬಿಳಿ ತಂತಿಯನ್ನು ಮುಟ್ಟಿ ನೋಡಲಿಲ್ಲ.

ಅಷ್ಟು ಸಾಕಿತ್ತು. ಸುಮ್ಮನಿರಬೇಕಿತ್ತು. ಆದರೆ ಭಾವ ಸುಮ್ಮನಿದ್ದರೆ ಭಾವ ಹೇಗಾಗುತ್ತಾರೆ? ‘ಸರಿ ಹಾಗಾದ್ರೆ, ಎರಡೂ ತುದಿ ತಿರುಚಿ ಒಂದು ಸುತ್ತು ಟೇಪ್ ಹಾಕ್ಬಿಡು. ಸರಿಹೋಗುತ್ತೆ. ಗುರುವಾರದ ಲೋಡು ಬೇರೆ ಇದೆ’ ಅಂದರು.

ಅಕ್ಕ ನನ್ನ ಕೈಯಿಂದ ತಂತಿಯ ತುಂಡನ್ನು ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು.

‘ಇಷ್ಟು ದಿನ ನಾನು ಈ ಮೂರು ಎಳೆ ಮೇಲೆ ಕೂತ್ಕೊಂಡು ಹೋಗ್ತಿದ್ನಾ?’

‘ಹೂಂ’ ಅಂದೆ.

ಅವಳು ಬಲ್ಬುಗಳನ್ನು ಸೀಟಿನ ಮೇಲಿಟ್ಟು, ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡು ಇಳಿಜಾರು ಹತ್ತಿ ಮನೆಯ ಕಡೆ ನಡೆಯತೊಡಗಿದಳು. ನಾನು ತಾತ್ಕಾಲಿಕವಾಗಿ ತಂತಿ ಜೋಡಿಸಿ, ಭಾವ ಗಾಡಿಯನ್ನು ಮೇಲಕ್ಕೆ ತಂದಾಗ ಅವಳು ಟ್ಯಾಂಕಿನ ಹತ್ತಿರ ಇದ್ದಳು. ಭಾವ ಗಾಡಿಯನ್ನು ಅವಳ ನಡಿಗೆಗೆ ಇಳಿಸಿ, ಎಲ್ಲ ಇಂಡಿಕೇಟರ್ ಹಾಕಿಕೊಂಡು ಪಕ್ಕದಲ್ಲೇ ಹೊರಟರು.

‘ಹತ್ತೇ. ಈಗ ಮೇಲಕ್ಕಲ್ವಾ ಹೋಗೋದು, ಬ್ರೇಕು ಯಾಕೆ ಬೇಕು?’

ಅಕ್ಕ ನಡೆದಳು.

‘ಜನ ನೋಡ್ತಿದಾರೆ ಕಣೇ.’

‘ನೋಡ್ಲಿ. ಹೊಸ ತಂತಿ ಹಾಕೋ ತನಕ ನಾನು ಹತ್ತಲ್ಲ. ಹಾಕೋರು ನೀವು. ನನ್ನ ತಮ್ಮ ಅಲ್ಲ, ನೀವು.’

ಒಂದು ಕಿಲೋಮೀಟರು ಹೀಗೆ ಹೋಯಿತು ಮೆರವಣಿಗೆ. ರಸ್ತೆಯಂಚಿನಲ್ಲಿ ಅಕ್ಕ, ಪಕ್ಕದಲ್ಲಿ ದೀಪ ಮಿಟುಕಿಸುವ ಗಾಡಿ, ಗಾಡಿಯಲ್ಲಿ ಗುಂಡಿ ಕಿತ್ತ ಅಂಗಿಯ ಭಾವ, ಅವರ ಪಕ್ಕ ನಾನು ತಲೆ ತಗ್ಗಿಸಿಕೊಂಡು. ಬದಲಿ ಅಂಗಡಿಯಿಂದ ಹೊರಗೆ ಬಂದು ಟೀ ಲೋಟ ಹಿಡಿದು ನೋಡುತ್ತಿದ್ದ.

ಮಾರನೇ ದಿನ ನನ್ನ ಶೆಡ್ಡಿನಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಭಾವನನ್ನು ಕೂರಿಸಿದೆ. ಉದ್ದ ಸಾಕಷ್ಟಿರುವ ಹೊಸ ಕೇಬಲ್ಲು ಕೊಟ್ಟೆ. ಸುಲಿಯುವುದು, ತಂತಿಯ ತುದಿಗೆ ಬೋಲ್ಟು ಹಾಕುವ ತಾಮ್ರದ ಲಗ್ಗು ಕಚ್ಚಿಸುವುದು, ಎಳೆದು ನೋಡುವುದು, ಎಲ್ಲ ಅವರ ಕೈಯಿಂದಲೇ. ಮೊದಲ ಐದು ಲಗ್ಗು ಎಳೆದ ಕೂಡಲೇ ಕಳಚಿ ಬಂದವು. ಒಂದೊಂದಕ್ಕೂ ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಮರ್ಯಾದೆ ಕೊಟ್ಟೇ ಅಂದೆ. ಬಿಳಿ ತಂತಿ ಟ್ರೇಲರಿಗೆ ಸೇರುವ ಕಡೆ ಪೇಂಟು ಕೆರೆದು ಕಬ್ಬಿಣ ಬೆಳ್ಳಗೆ ಕಾಣುವಂತೆ ಮಾಡಿ ಅಂದರೆ, ಬೆರಳ ಗಾತ್ರ ಕೆರೆದು ಸಾಕಲ್ವಾ ಅಂದರು. ಸಾಲದು ಅಂದೆ. ಕೆರೆದರು. ಅಕ್ಕ ಫ್ಲಾಸ್ಕಿನಲ್ಲಿ ಟೀ ಕಳಿಸಿದ್ದಳು, ಜೊತೆಗೆ ಒಂದೇ ಲೋಟ. ನಾನು ಕುಡಿದೆ.

ಸಂಜೆಯ ಹೊತ್ತಿಗೆ ಕೊನೆಯ ಬೋಲ್ಟು ಬಿಗಿಯುತ್ತಾ ತಲೆ ಎತ್ತದೆ ಕೇಳಿದರು: ‘ಅಲ್ಲ ಕಣಯ್ಯಾ, ಆ ಲಿಫ್ಟು... ಅದೂ ಹೀಗೇ ಏನಾದ್ರೂ ಆಗಿತ್ತಾ?’

ಈ ಮನುಷ್ಯ ನನಗೆ ಗೊತ್ತಿರುವಂತೆ ಕೇಳಿದ ಮೊದಲ ಪ್ರಶ್ನೆ ಅದು. ಲಿಫ್ಟಿನ ಕೆಲಸ ಹೋಗಿ ಹತ್ತೊಂಬತ್ತು ವರ್ಷ ತಡವಾಗಿ, ಬೇರೆ ಯಾವುದೋ ಯಂತ್ರದ ಬಗ್ಗೆ. ‘ಆಗಿರಬಹುದು’ ಅಂದೆ. ಬಯ್ಯಲು ಬಾಯಿ ತೆರೆದವನು ಅದೇಕೋ ಅಷ್ಟಕ್ಕೇ ಮುಚ್ಚಿದೆ.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಅಕ್ಕ ಟ್ರೇಲರಿನ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ‘ಎಡ!’ ಅಂದಳು. ಎಡ ಮಿಟುಕಿತು. ‘ಬಲ! ಬ್ರೇಕು! ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಮತ್ತೆ ಬ್ರೇಕು!’ ಇಡೀ ಬೀದಿಗೆ ಕೇಳುವ ಹಾಗೆ ಕೂಗಿ, ಕೇಬಲ್ಲು ಬಿಗಿಯುತ್ತದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಹತ್ತಿ ಕೂತಳು. ಅಂದಿನಿಂದ ಪ್ರತಿ ಗುರುವಾರ ಇದೇ. ಏಳು ಗಂಟೆಗೆ ಎಚ್ಚರವಾಗಲು ನಮ್ಮ ಬೀದಿಯಲ್ಲಿ ಬೇರೆ ಅಲಾರಾಂ ಬೇಡ. ಭಾವ ಟೈಲ್ಸ್ ಅಂಗಡಿಯಲ್ಲಿ ಆ ಬಿಳಿ ತಂತಿಯನ್ನು ತಾವೇ ಪತ್ತೆ ಹಚ್ಚಿದ್ದಾಗಿ ಹೇಳಿಕೊಂಡು ತಿರುಗುತ್ತಿದ್ದಾರೆ ಎಂದು ಕೇಳಿದ್ದೇನೆ. ಹೇಳಿಕೊಳ್ಳಲಿ.

ಮೊನ್ನೆ ಜೋರು ಮಳೆ. ಶೆಡ್ಡಿನ ಮುಂದೆ ಪಿಕಪ್ ಬಂದು ನಿಂತಿತು. ಕಿಟಕಿಯಿಂದ ಭಾವನ ತಲೆ ಹೊರಗಿತ್ತು, ಕೂದಲಿನಿಂದ ನೀರು ಸುರಿಯುತ್ತಿತ್ತು. ವೈಪರು ಗಾಜಿನ ನಡುವೆ ಅಡ್ಡಲಾಗಿ ನಿಂತುಬಿಟ್ಟಿತ್ತು.

‘ಮೂರು ಮೈಲಿಯಿಂದ ಹೀಗೇ ತಲೆ ಹೊರಗೆ ಹಾಕ್ಕೊಂಡು ಬಂದಿದೀನಿ ಕಣಯ್ಯಾ’ ಅಂದರು, ಹಲ್ಲು ಕಟಕಟ ಎನ್ನುತ್ತಿತ್ತು. ‘ಮುಟ್ಟಿಲ್ಲ. ತಟ್ಟಿಲ್ಲ. ಊದಿಲ್ಲ. ಹೇಗೆ ನಿಂತಿತ್ತೋ ಹಾಗೇ ತಂದಿದೀನಿ.’

ಮಳೆಯಲ್ಲಿ ವೈಪರಿಲ್ಲದೆ ಮೂರು ಮೈಲಿ ಗಾಡಿ ಓಡಿಸುವವನಿಗಿಂತ ದೊಡ್ಡ ಮೂರ್ಖ ಯಾವನಿದ್ದಾನೆ? ಅದನ್ನೇ ಹೇಳಲು ಎದ್ದು ಹತ್ತಿರ ಹೋಗಿ ಬಾಗಿಲು ತೆರೆದೆ. ಬಾಗಿಲು ಅಲುಗಿದ್ದೇ ತಡ, ವೈಪರು ಒಂದು ಸಲ ನಡುಗಿ ಎಡಕ್ಕೂ ಬಲಕ್ಕೂ ಓಡಾಡತೊಡಗಿತು.

ಭಾವನ ಮುಖ ಬಿಳುಚಿಕೊಂಡಿತು. ಎರಡೂ ಕೈ ಸ್ಟಿಯರಿಂಗಿನಿಂದ ಮೇಲೆತ್ತಿ ಹಿಡಿದು, ‘ನಾನಲ್ಲ! ನಿಮ್ಮಕ್ಕನ ಆಣೆ, ನಾನು ಮುಟ್ಟಿಲ್ಲ!’ ಎಂದು ಕೂಗಿಕೊಂಡರು.